ಪ್ರೋನೋಟು ಕೇಸುಗಳ ವಕೀಲ: ಲಿಂಕನ್ ಕೋರ್ಟಿನಲ್ಲಿ ನಿಜವಾಗಿ ಮಾಡಿದ್ದೇನು?

ಪ್ರಶ್ನೆ: ನನ್ನ ಮಗಳು ಎಲ್‌ಎಲ್‌ಬಿ ಮೂರನೇ ವರ್ಷದಲ್ಲಿದ್ದಾಳೆ. ಮುಂದೆ ರಾಜಕೀಯಕ್ಕೆ ಹೋಗುವ ಆಸೆಯೂ ಇದೆ. ಕಾಲೇಜಿನಲ್ಲಿ ವಕೀಲ ಲಿಂಕನ್ ಬಗ್ಗೆ ಮಾತಾಡಬೇಕಂತೆ. ಲಿಂಕನ್ ಸುಳ್ಳು ಕೇಸು ಮುಟ್ಟುತ್ತಿರಲಿಲ್ಲ, ಬಡವರ ಪರ ಮಾತ್ರ ವಾದಿಸುತ್ತಿದ್ದ ಅಂತ ಒಂದು ಕಡೆ ಓದಿದೆವು. ಗುಲಾಮರ ಮಾಲೀಕನ ಪರವಾಗಿಯೂ ನಿಂತಿದ್ದ ಅಂತ ಇನ್ನೊಂದು ಕಡೆ ಇದೆ. ಯಾವುದು ನಿಜ? ವಕೀಲಿಕೆ ಅವನ ರಾಜಕೀಯಕ್ಕೆ ಎಷ್ಟು ಉಪಯೋಗಕ್ಕೆ ಬಂತು?

ಉತ್ತರ: ಎರಡನೆಯದು ನಿಜ. ಮೊದಲನೆಯದು ಕಥೆ. ಮಗನ ಮೇಷ್ಟರಿಗೆ ಲಿಂಕನ್ ಬರೆದ ಪತ್ರ ಅಂತ ನಮ್ಮ ವಾಟ್ಸಾಪ್‌ನಲ್ಲಿ ಓಡಾಡುತ್ತದಲ್ಲ, ಅದನ್ನು ಅವನು ಬರೆದ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಬಡವರ ವಕೀಲ ಎನ್ನುವ ಚಿತ್ರವೂ ಹೆಚ್ಚುಕಡಿಮೆ ಅಂಥದ್ದೇ. ನಿಮ್ಮ ಮಗಳು ಇವೆರಡನ್ನೂ ಬದಿಗಿಟ್ಟು ಶುರು ಮಾಡಲಿ.

ಲಿಂಕನ್ ಇಲಿನಾಯ್ ರಾಜ್ಯದಲ್ಲಿ 1836ರಿಂದ 1861ರ ಆರಂಭದವರೆಗೆ ವಕೀಲಿಕೆ ಮಾಡಿದ. ಮನೆ ನಡೆದದ್ದು ಅದರ ದುಡ್ಡಿನಿಂದಲೇ. ಸಂಶೋಧಕರು ಆ ರಾಜ್ಯದ ಹಳೆಯ ಕೋರ್ಟು ಕಡತಗಳನ್ನೆಲ್ಲ ಜಾಲಾಡಿ ಅವನು ಮತ್ತು ಅವನ ಪಾಲುದಾರರು ನಡೆಸಿದ 5,000ಕ್ಕೂ ಹೆಚ್ಚು ಕೇಸುಗಳನ್ನು ಹುಡುಕಿ ತೆಗೆದಿದ್ದಾರೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಲದ ವ್ಯಾಜ್ಯಗಳು. ಯಾರೋ ಪ್ರೋನೋಟು ಬರೆದುಕೊಟ್ಟಿದ್ದಾನೆ, ದುಡ್ಡು ಕೊಟ್ಟಿಲ್ಲ, ದಾವಾ ಹಾಕಿ. ಇಷ್ಟೇ. ಮಿಕ್ಕವು ಜಮೀನಿನ ಗಡಿ, ವಿಚ್ಛೇದನ, ಮಾನನಷ್ಟ, ಆಸ್ತಿ ಪಾಲು, ಅಲ್ಲೊಂದು ಇಲ್ಲೊಂದು ಕೊಲೆ. ನಮ್ಮ ಯಾವ ತಾಲೂಕು ಕೋರ್ಟಿನ ವಕೀಲರಾದರೂ ಈ ಪಟ್ಟಿ ನೋಡಿದರೆ ತಮ್ಮ ಡೈರಿ ನೋಡಿದಂತಾಗುತ್ತದೆ.

ಸಾಲದ ಕೇಸು ಅವನಿಗೆ ಬೇರೆಯವರ ಕಷ್ಟವಾಗಿರಲಿಲ್ಲ. ವಕೀಲನಾಗುವ ಮೊದಲು ನ್ಯೂ ಸೇಲಂ ಎಂಬ ಹಳ್ಳಿಯಲ್ಲಿ ಒಬ್ಬನ ಜೊತೆ ಪಾಲುದಾರಿಕೆಯಲ್ಲಿ ಅಂಗಡಿ ಇಟ್ಟು ಕೈಸುಟ್ಟುಕೊಂಡಿದ್ದ. ಪಾಲುದಾರ 1835ರಲ್ಲಿ ತೀರಿಕೊಂಡ. ಸಾಲವೆಲ್ಲ ಇವನ ತಲೆಗೆ ಬಂತು. ಆಗ ಇವನು ಜಮೀನು ಅಳೆಯುವ ಸರ್ವೆ ಕೆಲಸ ಮಾಡುತ್ತಿದ್ದ. ಕೋರ್ಟು ಹುಕುಂ ತಂದು ಅವನ ಕುದುರೆ, ಸರ್ವೆ ಸಾಮಾನು ಜಪ್ತಿ ಮಾಡಿ ಹರಾಜು ಹಾಕಿದರು. ಜೇಮ್ಸ್ ಶಾರ್ಟ್ ಎಂಬ ಊರಿನವನೊಬ್ಬ ಹರಾಜಿನಲ್ಲಿ ಅವನ್ನೇ ಕೂಗಿ ಕೊಂಡು ವಾಪಸ್ ಕೊಟ್ಟ. ಇಲ್ಲದಿದ್ದರೆ ಹೊಟ್ಟೆಪಾಡೇ ನಿಂತುಹೋಗುತ್ತಿತ್ತು. ಲಿಂಕನ್ ಆ ಸಾಲ ತೀರಿಸಲು ವರ್ಷಗಟ್ಟಲೆ ತೆಗೆದುಕೊಂಡ. ಜಪ್ತಿ ಅಂದರೇನು ಅಂತ ಪುಸ್ತಕದಲ್ಲಿ ಓದುವ ಮೊದಲೇ ಮೈಮೇಲೆ ಬಂದಿತ್ತು.

ಇನ್ನೊಂದು ತಪ್ಪು ಕಲ್ಪನೆ ನಿಮ್ಮ ಪ್ರಶ್ನೆಯಲ್ಲೇ ಇದೆ. ಮೊದಲು ವಕೀಲ, ಆಮೇಲೆ ರಾಜಕಾರಣಿ ಎಂಬ ಕ್ರಮ ಲಿಂಕನ್ ವಿಷಯದಲ್ಲಿ ಹೊಂದುವುದಿಲ್ಲ. 1832ರಲ್ಲಿ, 23ನೇ ವಯಸ್ಸಿನಲ್ಲಿ, ರಾಜ್ಯದ ವಿಧಾನಸಭೆಗೆ ನಿಂತು ಸೋತ. ಆದರೆ ತನ್ನ ಊರಿನ ಮತಗಟ್ಟೆಯಲ್ಲಿ 300 ವೋಟಿನಲ್ಲಿ 277 ಅವನಿಗೇ ಬಿದ್ದಿದ್ದವು. ಅದೇ ವರ್ಷ ಅಲ್ಲಿನ ಮೂಲನಿವಾಸಿಗಳ ವಿರುದ್ಧ ನಡೆದ ಬ್ಲ್ಯಾಕ್ ಹಾಕ್ ಯುದ್ಧದ ದಂಡಿನಲ್ಲಿ ಜಾನ್ ಟಾಡ್ ಸ್ಟುವರ್ಟ್ ಎಂಬ ಸ್ಪ್ರಿಂಗ್‌ಫೀಲ್ಡಿನ ವಕೀಲನ ಪರಿಚಯವಾಯಿತು. 1834ರಲ್ಲಿ ಇಬ್ಬರೂ ವಿಧಾನಸಭೆಗೆ ಗೆದ್ದರು. ಕಾನೂನು ಓದು ಅಂತ ಒತ್ತಾಯ ಮಾಡಿದವನು, ತನ್ನ ಪುಸ್ತಕ ಕೊಟ್ಟವನು ಸ್ಟುವರ್ಟ್. ಎಲ್ಲ ಸೇರಿಸಿದರೂ ಒಂದು ವರ್ಷ ಶಾಲೆಗೆ ಹೋಗದಿದ್ದ ಲಿಂಕನ್, ಸ್ಪ್ರಿಂಗ್‌ಫೀಲ್ಡಿನಿಂದ ಪುಸ್ತಕ ತಂದು ಒಬ್ಬನೇ ಕೂತು ಓದಿದ. ಆಗ ಅಲ್ಲಿ ಲಾ ಕಾಲೇಜಿನ ಪದವಿ ಕಡ್ಡಾಯವಿರಲಿಲ್ಲ. 1836ರ ಸೆಪ್ಟೆಂಬರಿನಲ್ಲಿ ಸನ್ನದು ಸಿಕ್ಕಿತು. ಅಂದರೆ ಅವನು ಶಾಸಕನಾಗಿದ್ದುಕೊಂಡೇ ವಕೀಲನಾದವನು.

ವಿಧಾನಸಭೆಯಲ್ಲಿ ನಾಲ್ಕು ಅವಧಿ ಇದ್ದ. ಅಲ್ಲಿನ ದೊಡ್ಡ ಕೆಲಸ ರಾಜಧಾನಿಯನ್ನು ವಂಡೇಲಿಯಾದಿಂದ ಸ್ಪ್ರಿಂಗ್‌ಫೀಲ್ಡಿಗೆ ತಂದದ್ದು. ಸ್ಯಾಂಗಮನ್ ಕೌಂಟಿಯಿಂದ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಬಂದ ಒಂಬತ್ತು ಮಂದಿ ಎತ್ತರದ ಆಳುಗಳು ಒಟ್ಟಿಗೆ ನಿಂತು 1837ರಲ್ಲಿ ಅದನ್ನು ಸಾಧಿಸಿದರು. ಲಿಂಕನ್ ಅವರ ಮುಂದಾಳು. ಅದೇ ಏಪ್ರಿಲ್‌ನಲ್ಲಿ ಅವನು ಸ್ಪ್ರಿಂಗ್‌ಫೀಲ್ಡಿಗೆ ಬಂದು ಸ್ಟುವರ್ಟ್ ಜೊತೆ ಆಫೀಸು ಸೇರಿದ. ರಾಜಧಾನಿಯ ಹಿಂದೆಯೇ ರಾಜ್ಯದ ಸುಪ್ರೀಂ ಕೋರ್ಟೂ ಬಂತು, ಫೆಡರಲ್ ಕೋರ್ಟೂ ಬಂತು. ಶಾಸಕನಾಗಿ ಹಾಕಿಸಿದ ಒಂದು ವೋಟು ವಕೀಲನಾಗಿ ಅವನ ಬದುಕನ್ನೇ ಬದಲಿಸಿತು. ಮುಂದೆ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಅವನು ಮತ್ತು ಪಾಲುದಾರರು 400ಕ್ಕೂ ಹೆಚ್ಚು ಕೇಸು ನಡೆಸಿದರು. ಆ ಕೋರ್ಟು ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇತ್ತು.

ಆ ದಿನಗಳ ಇನ್ನೊಂದು ಮುಖವನ್ನೂ ಹೇಳಬೇಕು. ಅದೇ 1837ರಲ್ಲಿ ರೈಲು, ಕಾಲುವೆ ಅಂತ ರಾಜ್ಯ ಒಂದು ಭಾರೀ ಯೋಜನೆಗೆ ಕೈಹಾಕಿತು. ಲಿಂಕನ್ ಅದರ ಪರ ಇದ್ದ. ಅದೇ ವರ್ಷದ ಆರ್ಥಿಕ ಕುಸಿತದ ನಂತರ ರಾಜ್ಯ ಸಾಲದಲ್ಲಿ ಮುಳುಗಿತು. ಶಾಸಕ ಲಿಂಕನ್‌ನ ಈ ಲೆಕ್ಕ ತಪ್ಪಿತ್ತು.

ಮೂರು ಪಾಲುದಾರಿಕೆಗಳು ಅವನನ್ನು ತಿದ್ದಿದವು. ಸ್ಟುವರ್ಟ್‌ಗೆ ರಾಜಕೀಯದ ಮೇಲೆ ಕಣ್ಣು. 1838ರಲ್ಲಿ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಆಯ್ಕೆಯಾಗಿ 1839ರಲ್ಲಿ ವಾಷಿಂಗ್ಟನ್‌ಗೆ ಹೋದ. ಆಫೀಸು ಪೂರ್ತಿ ಜೂನಿಯರ್ ಕೈಗೆ ಬಂತು. ಲಿಂಕನ್ ಫೀಸಿನ ಪುಸ್ತಕದಲ್ಲಿ ಆ ದಿನದ ತಾರೀಕು ಹಾಕಿ, ಇಂದಿನಿಂದ ಲಿಂಕನ್ ಆಡಳಿತ ಶುರು ಅಂತ ಬರೆದುಕೊಂಡಿದ್ದಾನೆ. 1841ರಲ್ಲಿ ಸ್ಟೀಫನ್ ಲೋಗನ್ ಜೊತೆ ಸೇರಿದ. ಲೋಗನ್ ಹಿಂದೆ ಜಡ್ಜ್ ಆಗಿದ್ದವನು, ಕಟ್ಟುನಿಟ್ಟಿನ ಮನುಷ್ಯ. ಪ್ಲೀಡಿಂಗ್ (ಕೋರ್ಟಿಗೆ ಕೊಡುವ ದಾವಾ, ಜವಾಬಿನ ಬರಹ) ಹೇಗೆ ಬರೆಯಬೇಕು, ಕೇಸಿನ ತಯಾರಿ ಹೇಗೆ ಮಾಡಬೇಕು ಅಂತ ಲಿಂಕನ್ ಕಲಿತದ್ದು ಅವನ ಹತ್ತಿರ. ನನ್ನ ಪ್ರಕಾರ ಆ ಮೂರು ವರ್ಷವೇ ಅವನ ನಿಜವಾದ ಲಾ ಕಾಲೇಜು. 1844ರಲ್ಲಿ ಲಿಂಕನ್ ತಾನೇ ಸೀನಿಯರ್ ಆಗಿ ವಿಲಿಯಂ ಹರ್ನ್‌ಡನ್ ಎಂಬ ಹುಡುಗನನ್ನು ಜೊತೆಗೆ ಸೇರಿಸಿಕೊಂಡ. ಬಂದದ್ದರಲ್ಲಿ ಅರ್ಧ ಅರ್ಧ. ಅವರ ಆಫೀಸು ಕಾಗದದ ರಾಶಿ. ಕೆಲವು ಕಾಗದ ಲಿಂಕನ್‌ನ ಟೋಪಿಯೊಳಗೆ ಇರುತ್ತಿದ್ದವು. ಬೇರೆಲ್ಲೂ ಸಿಗದಿದ್ದರೆ ಇದರಲ್ಲಿ ನೋಡು ಅಂತ ಚೀಟಿ ಕಟ್ಟಿದ ಒಂದು ಕಟ್ಟೂ ಅಲ್ಲಿತ್ತು ಅಂತ ಹರ್ನ್‌ಡನ್ ಹೇಳಿದ್ದಾನೆ.

ಈಗ ವಕೀಲಿಕೆ ರಾಜಕೀಯಕ್ಕೆ ಹೇಗೆ ದಾರಿಯಾಯಿತು ಎನ್ನುವ ಪ್ರಶ್ನೆಗೆ ಬರುತ್ತೇನೆ. ಇದಕ್ಕೆ ಉತ್ತರ ಅವನ ಭಾಷಣಗಳಲ್ಲಿ ಹುಡುಕುವವರೇ ಜಾಸ್ತಿ. ನಾನು ಸರ್ಕ್ಯೂಟ್ ನೋಡಿ ಎನ್ನುತ್ತೇನೆ. ಆಗ ಒಬ್ಬ ಜಡ್ಜ್ ವಸಂತದಲ್ಲಿ ಒಮ್ಮೆ, ಶರತ್ಕಾಲದಲ್ಲಿ ಒಮ್ಮೆ ಊರಿಂದೂರಿಗೆ ಹೋಗಿ ಕೋರ್ಟು ನಡೆಸುತ್ತಿದ್ದ. ವಕೀಲರ ಗುಂಪೂ ಜೊತೆಗೇ ಹೋಗುತ್ತಿತ್ತು. ಲಿಂಕನ್ ಇದ್ದದ್ದು ಎಂಟನೇ ಸರ್ಕ್ಯೂಟಿನಲ್ಲಿ. ಅದು ಅತಿ ದೊಡ್ಡದಾಗಿದ್ದಾಗ 14 ಕೌಂಟಿಗಳಿದ್ದವು. ಕುದುರೆ ಮೇಲೆ, ಆಮೇಲೆ ಕುದುರೆ ಗಾಡಿಯಲ್ಲಿ, ಕೆಸರು ದಾರಿಯಲ್ಲಿ ತಿಂಗಳುಗಟ್ಟಲೆ ತಿರುಗಾಟ. ರಾತ್ರಿ ಛತ್ರದಂಥ ಹೋಟೆಲಿನಲ್ಲಿ ಒಂದೇ ಹಾಸಿಗೆಗೆ ಇಬ್ಬರು ವಕೀಲರು. ಒಂದು ಊರಿಗೆ ಇಳಿದ ಕೂಡಲೇ ಕಕ್ಷಿದಾರರು, ಅಲ್ಲಿನ ವಕೀಲರು ಮುತ್ತಿಕೊಳ್ಳುತ್ತಿದ್ದರು. ಬೆಳಿಗ್ಗೆ ಕೇಸು ಕೇಳಿ ಮಧ್ಯಾಹ್ನ ವಾದ. ಫೀಸು 5, 10, 20 ಡಾಲರ್. ವಾರಾಂತ್ಯಕ್ಕೆ ಉಳಿದವರು ಮನೆಗೆ ಓಡಿದರೆ ಲಿಂಕನ್ ಅಲ್ಲೇ ಉಳಿಯುತ್ತಿದ್ದ.

ಕೋರ್ಟು ಕೂಡುವ ದಿನ ಅಂದರೆ ಸುತ್ತಲ ಹಳ್ಳಿಯವರೆಲ್ಲ ಪೇಟೆಗೆ ಬರುವ ದಿನ. ಜ್ಯೂರಿಯಲ್ಲಿ, ಅಂದರೆ ತೀರ್ಪು ಹೇಳಲು ಕೂರಿಸುವ ಸಾಮಾನ್ಯ ಜನರ ಗುಂಪಿನಲ್ಲಿ, ಕೂರುವ ರೈತನೇ ನಾಳೆ ವೋಟು ಹಾಕುವವನು. ಹೀಗೆ ವರ್ಷಕ್ಕೆ ಎರಡು ಸಲ ಆ ಜನರ ಎದುರು ನಿಂತು, ಅವರ ಮಾತಿನಲ್ಲೇ ಕಾನೂನು ಬಿಡಿಸಿ ಹೇಳಿ, ಸಂಜೆ ಅವರ ಜೊತೆ ಕೂತು ಕಥೆ ಹೇಳಿದವನನ್ನು ಯಾವ ಪಕ್ಷ ತಾನೇ ಕಡೆಗಣಿಸುತ್ತದೆ? ಜೊತೆಗೆ ತಿರುಗಿದ ವಕೀಲರೂ ಮುಂದೆ ಅವನಿಗಾಗಿ ದುಡಿದರು. 1848ರಿಂದ ಆ ಸರ್ಕ್ಯೂಟಿನ ಜಡ್ಜ್ ಡೇವಿಡ್ ಡೇವಿಸ್. ಮೈ ಭಾರೀ, ವ್ಯವಹಾರದಲ್ಲೂ ಗಟ್ಟಿಗ. ತಾನಿಲ್ಲದಾಗ ಲಿಂಕನ್‌ನನ್ನೇ ಪೀಠದಲ್ಲಿ ಕೂರಿಸಿ ಹೋಗುತ್ತಿದ್ದುದೂ ಉಂಟು. 1860ರ ಮೇ ತಿಂಗಳಲ್ಲಿ ಶಿಕಾಗೋದಲ್ಲಿ ರಿಪಬ್ಲಿಕನ್ ಪಕ್ಷ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸಲು ಸೇರಿದಾಗ ಲಿಂಕನ್ ಪರ ಹಗಲು ರಾತ್ರಿ ಓಡಾಡಿದ ತಂಡದ ಮುಖ್ಯಸ್ಥ ಇದೇ ಡೇವಿಸ್. ಜೊತೆಗೆ ಸರ್ಕ್ಯೂಟಿನ ಗೆಳೆಯ ಲಿಯೊನಾರ್ಡ್ ಸ್ವೆಟ್, ಹಳೆಯ ಪಾಲುದಾರ ಲೋಗನ್. ಲಿಂಕನ್ ಹೆಸರು ಸೂಚಿಸಿದ ನಾರ್ಮನ್ ಜಡ್ ಶಿಕಾಗೋದ ರೈಲ್ವೆ ವಕೀಲ. ಲಿಂಕನ್‌ಗೆ ಒಂದು ದೊಡ್ಡ ಸೇತುವೆ ಕೇಸಿನಲ್ಲಿ ಅವನ ಜೊತೆ ಕೆಲಸ ಮಾಡಿದ ನಂಟಿತ್ತು.

ಆ ಸೇತುವೆ ಕೇಸನ್ನು ನಿಮ್ಮ ಮಗಳು ಬಿಡಬಾರದು. ಮಿಸಿಸಿಪ್ಪಿ ನದಿಗೆ ಮೊದಲ ರೈಲು ಸೇತುವೆ 1856ರಲ್ಲಿ ರಾಕ್ ಐಲ್ಯಾಂಡ್ ಬಳಿ ಆಯಿತು. ಕೆಲವೇ ದಿನಗಳಲ್ಲಿ ಎಫಿ ಆಫ್ಟನ್ ಎಂಬ ಹಡಗು ಅದರ ಕಂಬಕ್ಕೆ ಬಡಿದು ಸುಟ್ಟುಹೋಯಿತು. ಹಡಗಿನ ಮಾಲೀಕರು ದಾವಾ ಹಾಕಿದರು. ಇದು ಒಂದು ಹಡಗಿನ ಜಗಳವಾಗಿ ಉಳಿಯಲಿಲ್ಲ. ನದಿ ಸಾಗಣೆಯ ಸೇಂಟ್ ಲೂಯಿಸ್ ಒಂದು ಕಡೆ, ರೈಲಿನ ಶಿಕಾಗೋ ಇನ್ನೊಂದು ಕಡೆ. 1857ರ ಸೆಪ್ಟೆಂಬರಿನಲ್ಲಿ ಲಿಂಕನ್ ಸೇತುವೆ ಕಂಪನಿ ಪರ ವಾದಿಸಿದ. ನೀರಿನ ಸೆಳೆತ ಎಷ್ಟು, ಯಾವ ಕೋನದಲ್ಲಿ ಹರಿಯುತ್ತದೆ, ಹಡಗಿನ ಒಂದು ಚಕ್ರ ಕೆಲಸ ಮಾಡುತ್ತಿತ್ತೇ ಇಲ್ಲವೇ ಅಂತ ಜ್ಯೂರಿಗೆ ಲೆಕ್ಕ ಹಾಕಿ ತೋರಿಸಿದ. ನದಿಯಲ್ಲಿ ಮೇಲೆ ಕೆಳಗೆ ಹೋಗುವವನಿಗೆ ಎಷ್ಟು ಹಕ್ಕಿದೆಯೋ, ಅದನ್ನು ದಾಟುವವನಿಗೂ ಅಷ್ಟೇ ಹಕ್ಕಿದೆ ಎಂದ. ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಸೇತುವೆ ಉಳಿಯಿತು.

ಇದರಿಂದ ಬಡವರ ವಕೀಲ ಎನ್ನುವ ಮಾತು ಬಿತ್ತಲ್ವಾ? ಇನ್ನೂ ಇದೆ. ಇಲಿನಾಯ್ ಸೆಂಟ್ರಲ್ ರೈಲ್ವೆಗೆ ಮೆಕ್‌ಲೀನ್ ಕೌಂಟಿ ತೆರಿಗೆ ಹಾಕಿತು. ರೈಲ್ವೆಯ ಸನದಿನಲ್ಲಿ ವಿನಾಯಿತಿ ಇತ್ತು. ಆ ವಿನಾಯಿತಿ ಕೊಡಲು ರಾಜ್ಯಕ್ಕೆ ಅಧಿಕಾರ ಇದೆ ಅಂತ ಲಿಂಕನ್ ರೈಲ್ವೆ ಪರ ವಾದಿಸಿ 1856ರಲ್ಲಿ ಗೆದ್ದ. ಫೀಸು 5,000 ಡಾಲರ್ ಕೇಳಿದ. ಕಂಪನಿ ಕೊಡಲಿಲ್ಲ. ತನ್ನ ಕಕ್ಷಿದಾರನ ಮೇಲೆಯೇ ದಾವಾ ಹಾಕಿ 1857ರಲ್ಲಿ ವಸೂಲು ಮಾಡಿದ. ಅವನ ಇಡೀ ವಕೀಲಿಕೆಯಲ್ಲಿ ಅತಿ ದೊಡ್ಡ ಫೀಸು ಅದೇ. ಅರ್ಧ ಹರ್ನ್‌ಡನ್‌ಗೆ ಹೋಯಿತು. ಹಾಗಂತ ಅವನು ರೈಲ್ವೆಯವರ ಆಳು ಅಂದುಕೊಳ್ಳಬೇಡಿ. ರೈಲ್ವೆಗಳ ವಿರುದ್ಧವೂ ಬೇಕಾದಷ್ಟು ಕೇಸು ನಡೆಸಿದ. ಯಾರು ಮೊದಲು ಬಂದು ವಕಾಲತ್ತು ಕೊಟ್ಟರೋ ಅವರ ಪರ.

ಈ ಪದ್ಧತಿ ಎಲ್ಲಿಗೆ ತಂದು ನಿಲ್ಲಿಸಬಹುದು ಎನ್ನುವುದಕ್ಕೆ 1847ರ ಮ್ಯಾಟ್ಸನ್ ಕೇಸು ಸಾಕ್ಷಿ. ನಿಮ್ಮ ಪ್ರಶ್ನೆಯ ಗುಲಾಮರ ಮಾಲೀಕ ಇವನೇ. ರಾಬರ್ಟ್ ಮ್ಯಾಟ್ಸನ್ ಕೆಂಟಕಿಯವನು. ಇಲಿನಾಯ್‌ನಲ್ಲೂ ಜಮೀನು ಇತ್ತು. ಇಲಿನಾಯ್‌ನಲ್ಲಿ ಗುಲಾಮಗಿರಿಗೆ ಅವಕಾಶ ಇರಲಿಲ್ಲ. ಅದಕ್ಕೆ ಅವನು ಕೆಂಟಕಿಯಿಂದ ಗುಲಾಮರನ್ನು ಬೆಳೆ ಕಾಲಕ್ಕೆ ಕರೆತಂದು ಮತ್ತೆ ವಾಪಸ್ ಕಳಿಸುತ್ತಿದ್ದ. ಜೇನ್ ಬ್ರಯಂಟ್ ಎಂಬ ಹೆಂಗಸು, ಅವಳ ನಾಲ್ಕು ಮಕ್ಕಳು ಹಾಗೆ ಬಂದವರು. ತಮ್ಮನ್ನು ದಕ್ಷಿಣದ ರಾಜ್ಯಗಳಿಗೆ ಮಾರುತ್ತಾರೆ ಎನ್ನುವ ಭಯ ಹುಟ್ಟಿದಾಗ ಓಡಿಹೋಗಿ ಗುಲಾಮಗಿರಿಯ ವಿರೋಧಿಗಳ ಆಸರೆ ಪಡೆದರು. ಮ್ಯಾಟ್ಸನ್ ಅವರನ್ನು ಜೈಲಿಗೆ ಹಾಕಿಸಿದ. ಆಸರೆ ಕೊಟ್ಟ ಡಾಕ್ಟರ್ ಹೈರಮ್ ರದರ್‌ಫರ್ಡ್ ಲಿಂಕನ್ ಬಳಿ ಬಂದು, ನನ್ನ ಪರ ನಿಲ್ಲು ಎಂದ. ಮ್ಯಾಟ್ಸನ್ ಕಡೆಯವರು ಆಗಲೇ ಬಂದು ಮಾತಾಡಿದ್ದಾರೆ ಅಂತ ಲಿಂಕನ್ ಹೇಳಿದ. ಆಮೇಲೆ ಅಲ್ಲಿಂದ ಬಿಡಿಸಿಕೊಳ್ಳಬಹುದು ಅಂತ ಹೇಳಿ ಕಳಿಸಿದ. ಅಷ್ಟರಲ್ಲಿ ಡಾಕ್ಟರ್ ಬೇಸರದಿಂದ ಬೇರೆ ವಕೀಲನನ್ನು ಹಿಡಿದಿದ್ದ. ಲಿಂಕನ್ ಕೋರ್ಟಿನಲ್ಲಿ ಮ್ಯಾಟ್ಸನ್ ಪರ ಎದ್ದು ನಿಂತ. ಇವರು ಸುಗ್ಗಿಗೆ ಬಂದು ಹೋಗುವವರು, ಇಲ್ಲಿ ನೆಲೆಸಲು ತಂದವರಲ್ಲ, ಹಾಗಾಗಿ ಬಿಡುಗಡೆ ಸಿಗುವುದಿಲ್ಲ ಎಂಬುದು ಅವನ ವಾದ. ಸೋತ. ಜೇನ್ ಮತ್ತು ಮಕ್ಕಳು ಸ್ವತಂತ್ರರಾದರು.

ಲಿಂಕನ್ ಅಭಿಮಾನಿಗಳು ಇದಕ್ಕೆ ನೂರು ಸಮಜಾಯಿಷಿ ಕೊಡುತ್ತಾರೆ. ವಕೀಲನ ಧರ್ಮ ಅದು, ಬಂದ ಕಕ್ಷಿದಾರನನ್ನು ತಿರುಗಿಸಿ ಕಳಿಸಬಾರದು ಅಂತ. ನಾನು ಒಪ್ಪುವುದಿಲ್ಲ. ಬೇಡ ಎನ್ನಲು ಅವನಿಗೆ ದಾರಿ ಇತ್ತು, ಎದುರು ಪಕ್ಷವೇ ಮನೆ ಬಾಗಿಲಿಗೆ ಬಂದಿತ್ತು. ಐದು ಜೀವಗಳು ಪಣಕ್ಕಿದ್ದವು. ಹತ್ತು ವರ್ಷ ಮೊದಲು, 1837ರಲ್ಲಿ, ಗುಲಾಮಗಿರಿ ಅನ್ಯಾಯದ ಮೇಲೆ ಕಟ್ಟಿದ್ದು ಅಂತ ಅವನೇ ಇನ್ನೊಬ್ಬ ಶಾಸಕನ ಜೊತೆ ಸೇರಿ ವಿಧಾನಸಭೆಯ ದಾಖಲೆಯಲ್ಲಿ ಬರೆಸಿದ್ದ. 1841ರಲ್ಲಿ ಬೈಲಿ ವಿರುದ್ಧ ಕ್ರಾಮ್‌ವೆಲ್ ಕೇಸಿನಲ್ಲಿ ನ್ಯಾನ್ಸ್ ಎಂಬ ಕರಿಯ ಹುಡುಗಿಯ ಮಾರಾಟಕ್ಕೆ ಬರೆದ ಪ್ರೋನೋಟು ಊರ್ಜಿತವಲ್ಲ ಅಂತ ವಾದಿಸಿ ಗೆದ್ದಿದ್ದ. ಅವಳು ಗುಲಾಮಳು ಅಂತ ಸಾಬೀತಾಗದೆ ಮಾರಾಟ ಊರ್ಜಿತವಾಗದು, ಈ ರಾಜ್ಯದಲ್ಲಿ ಪ್ರತಿ ಮನುಷ್ಯನೂ ಸ್ವತಂತ್ರ ಎಂದೇ ಹಿಡಿಯಬೇಕು ಅಂತ ಸುಪ್ರೀಂ ಕೋರ್ಟು ಹೇಳಿತು. ದಿನವೂ ನಡೆಸುವ ಸಾಲದ ಕೇಸಿನ ಕಾನೂನಿನಿಂದಲೇ ಒಬ್ಬಳಿಗೆ ಬಿಡುಗಡೆ ತಂದವನು, ಆರು ವರ್ಷದ ಮೇಲೆ ಮ್ಯಾಟ್ಸನ್ ಪರ ನಿಂತ. ಎರಡೂ ಅವನೇ. ನಿಮ್ಮ ಮಗಳು ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡಬಾರದು.

ಕೋರ್ಟಿನಲ್ಲಿ ಅವನ ಪಟ್ಟು ಏನು? ಸ್ವೆಟ್ ಇದನ್ನು ಚೆನ್ನಾಗಿ ಹೇಳಿದ್ದಾನೆ. ಲಿಂಕನ್ ಎದುರಾಳಿಗೆ ಆರು ಅಂಶ ಬಿಟ್ಟುಕೊಡುತ್ತಾನೆ. ಏಳನೆಯದನ್ನು ಮಾತ್ರ ಬಿಡುವುದಿಲ್ಲ. ಇಡೀ ಕೇಸು ನಿಂತಿರುವುದು ಆ ಏಳನೆಯದರ ಮೇಲೆ. 1858ರ ಮೇ ತಿಂಗಳ ಡಫ್ ಆರ್ಮ್‌ಸ್ಟ್ರಾಂಗ್ ಕೊಲೆ ಕೇಸು ಎಲ್ಲರಿಗೂ ಗೊತ್ತಿರುವಂಥದ್ದು. ನ್ಯೂ ಸೇಲಂನ ಹಳೆಯ ಗೆಳೆಯನ ಮಗ ಆರೋಪಿ. ತಾಯಿ ಹ್ಯಾನಾ ವಿಧವೆ, ಹಿಂದೆ ಲಿಂಕನ್‌ಗೆ ಊಟ ಹಾಕಿದವಳು. ರಾತ್ರಿ ಹನ್ನೊಂದರ ಸುಮಾರಿಗೆ ತಲೆಯ ಮೇಲಿದ್ದ ಚಂದ್ರನ ಬೆಳಕಿನಲ್ಲಿ ಹೊಡೆದದ್ದನ್ನು ಕಂಡೆ ಅಂತ ಚಾರ್ಲ್ಸ್ ಅಲೆನ್ ಎಂಬ ಸಾಕ್ಷಿ ಹೇಳಿದ. ಪಾಟಿ ಸವಾಲಿನಲ್ಲಿ ಲಿಂಕನ್ ಅದನ್ನೇ ಮತ್ತೆ ಮತ್ತೆ ಹೇಳಿಸಿದ. ಆಮೇಲೆ ಪಂಚಾಂಗ ತರಿಸಿದ. ಆ ಹೊತ್ತಿಗೆ ಚಂದ್ರ ಮುಳುಗುವುದಕ್ಕೆ ಇಳಿದಿತ್ತು. ಪಂಚಾಂಗವೇ ಖೋಟಾ ಅಂತ ಆಮೇಲೆ ಪುಕಾರು ಎದ್ದಿತು. ಖಗೋಳ ಲೆಕ್ಕ ಲಿಂಕನ್ ಪರವಾಗಿಯೇ ಇದೆ. ಜನ ಮರೆಯುವ ಸಂಗತಿ ಬೇರೆ ಇದೆ. ಅದೇ ಜಗಳದಲ್ಲಿ ಇನ್ನೊಬ್ಬನಿಗೆ ಆಗಲೇ ಶಿಕ್ಷೆಯಾಗಿತ್ತು. ಇಬ್ಬರೂ ಕೂಡಿ ಮಾಡಿದ್ದು ಅಂತ ಸಾಬೀತಾಗದಿದ್ದರೆ, ಅವನ ಏಟಿನಿಂದ ಆದ ಸಾವಿಗೆ ಇವನು ಹೊಣೆಯಲ್ಲ ಎನ್ನುವ ಸೂಚನೆಯನ್ನು ಲಿಂಕನ್ ತಾನೇ ಬರೆದು ಜಡ್ಜ್ ಮೂಲಕ ಜ್ಯೂರಿಗೆ ಕೊಡಿಸಿದ. ಲೋಗನ್ ಕಲಿಸಿದ್ದು ಇದು. ಹುಡುಗ ಬಿಡುಗಡೆಯಾದ. ಫೀಸು ತೆಗೆದುಕೊಳ್ಳಲಿಲ್ಲ.

ಈ ಪಟ್ಟನ್ನು ರಾಜಕೀಯದಲ್ಲಿ ನೋಡಬೇಕೆಂದರೆ 1860ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಕೂಪರ್ ಯೂನಿಯನ್‌ನಲ್ಲಿ ಮಾಡಿದ ಭಾಷಣ ಓದಿಸಿ. ಹೊಸ ಪ್ರಾಂತ್ಯಗಳಲ್ಲಿ ಗುಲಾಮಗಿರಿಯನ್ನು ತಡೆಯಲು ಕೇಂದ್ರಕ್ಕೆ ಅಧಿಕಾರ ಇದೆಯೇ ಎನ್ನುವುದೊಂದೇ ಪ್ರಶ್ನೆ ಹಿಡಿದ. ಸಂವಿಧಾನಕ್ಕೆ ಸಹಿ ಹಾಕಿದ 39 ಮಂದಿಯ ಹಳೆಯ ವೋಟುಗಳನ್ನು ಕಡತದಿಂದ ಒಂದೊಂದಾಗಿ ಹೆಕ್ಕಿ ತೆಗೆದ. ಅವರಲ್ಲಿ 21 ಮಂದಿ, ಅಂದರೆ ಅರ್ಧಕ್ಕಿಂತ ಹೆಚ್ಚು, ಇದೆ ಎಂದು ನಡೆದುಕೊಂಡವರು ಅಂತ ತೋರಿಸಿದ. ಅದು ಮೇಲ್ಮನವಿಯ ವಾದದ ರೀತಿಯಲ್ಲೇ ಇದೆ. ಪೂರ್ವದ ರಾಜ್ಯಗಳಲ್ಲಿ ಅವನ ಹೆಸರು ಎದ್ದದ್ದು ಆ ಸಂಜೆ.

ವಕೀಲಿಕೆ, ರಾಜಕೀಯ ಎರಡನ್ನೂ ಒಟ್ಟಿಗೆ ನಡೆಸುವ ಬೆಲೆಯನ್ನೂ ನಿಮ್ಮ ಮಗಳು ತಿಳಿದಿರಲಿ. 1847ರಿಂದ ಎರಡು ವರ್ಷ ಕಾಂಗ್ರೆಸ್ಸಿನಲ್ಲಿದ್ದು ವಾಪಸ್ ಬಂದು ಮತ್ತೆ ಕೋರ್ಟು ಹಿಡಿದ. 1854ರಲ್ಲಿ ಕಾನ್ಸಾಸ್ ನೆಬ್ರಾಸ್ಕಾ ಕಾಯ್ದೆ ಗುಲಾಮಗಿರಿಗೆ ಹೊಸ ಬಾಗಿಲು ತೆರೆದಾಗ ತಡೆಯಲಾರದೆ ಮತ್ತೆ ರಾಜಕೀಯಕ್ಕಿಳಿದ. ಆ ವರ್ಷ ವಿಧಾನಸಭೆಗೆ ಗೆದ್ದರೂ ಸೆನೆಟ್ ಸ್ಥಾನಕ್ಕೆ ಸ್ಪರ್ಧಿಸಲು ರಾಜೀನಾಮೆ ಕೊಟ್ಟ, ಅದೂ ಸಿಗಲಿಲ್ಲ. 1858ರಲ್ಲಿ ಸೆನೆಟ್ ಸ್ಥಾನಕ್ಕಾಗಿ ಸ್ಟೀಫನ್ ಡಗ್ಲಸ್ ಎದುರು ತಿಂಗಳುಗಟ್ಟಲೆ ಪ್ರಚಾರ ಮಾಡಿ ಮತ್ತೆ ಸೋತ. ಆಮೇಲೆ ಜಡ್‌ಗೆ ಬರೆದ ಕಾಗದದಲ್ಲಿ, ದುಡಿಮೆ ಇಲ್ಲದೆ ಬರೀ ಖರ್ಚು ಮಾಡಿ ಈಗ ಮನೆ ಖರ್ಚಿಗೂ ಕೈಯಲ್ಲಿ ಕಾಸಿಲ್ಲ ಅಂತ ತೋಡಿಕೊಂಡಿದ್ದಾನೆ. ಪ್ರತಿ ಸೋಲಿನ ನಂತರ ಹಿಂದಿರುಗಲು ಒಂದು ಕೆಲಸ ಇತ್ತು ಎನ್ನುವುದೇ ಅವನನ್ನು ಉಳಿಸಿತು. ರಾಜಕೀಯವನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ಸೋತ ಮೇಲೆ ಹೀಗೆ ಕಾಯುವ ಧೈರ್ಯ ಬರುವುದು ಕಷ್ಟ.

ಅವಮಾನ ನುಂಗುವುದನ್ನೂ ಕೋರ್ಟು ಕಲಿಸಿತು. 1855ರಲ್ಲಿ ಕಟಾವು ಯಂತ್ರದ ಪೇಟೆಂಟ್ ಕೇಸಿಗೆ ಅವನನ್ನು ನೇಮಿಸಿದ್ದರು. ವಿಚಾರಣೆ ಸಿನ್ಸಿನಾಟಿಗೆ ಹೋಯಿತು. ಅಲ್ಲಿಗೆ ಬಂದ ದೊಡ್ಡ ಊರಿನ ವಕೀಲರು, ಎಡ್ವಿನ್ ಸ್ಟಾಂಟನ್ ಸೇರಿದಂತೆ, ಇವನನ್ನು ಮಾತಾಡಿಸಲೇ ಇಲ್ಲ. ತಯಾರಿಸಿದ ಟಿಪ್ಪಣಿಯನ್ನು ಓದಲಿಲ್ಲ. ಲಿಂಕನ್ ಎದ್ದು ಹೋಗದೆ ಕೂತು ಅವರ ವಾದ ಪೂರ್ತಿ ಕೇಳಿದ. ಅಧ್ಯಕ್ಷನಾದ ಮೇಲೆ, 1862ರ ಜನವರಿಯಲ್ಲಿ, ಯುದ್ಧ ಖಾತೆಗೆ ಸಮರ್ಥ ಮನುಷ್ಯ ಬೇಕಾದಾಗ ಅದೇ ಸ್ಟಾಂಟನ್‌ನನ್ನು ಮಂತ್ರಿ ಮಾಡಿದ. ಅದೇ ವರ್ಷ ಡೇವಿಸ್‌ನನ್ನು ಅಮೆರಿಕದ ಸುಪ್ರೀಂ ಕೋರ್ಟಿಗೆ ನೇಮಿಸಿದ. 1866ರ ಮಿಲ್ಲಿಗನ್ ಕೇಸಿನಲ್ಲಿ, ಮಾಮೂಲಿ ಕೋರ್ಟುಗಳು ತೆರೆದಿರುವ ಕಡೆ ಸಾಮಾನ್ಯ ನಾಗರಿಕರನ್ನು ಸೈನಿಕ ನ್ಯಾಯಮಂಡಳಿ ಮುಂದೆ ನಿಲ್ಲಿಸುವಂತಿಲ್ಲ ಅಂತ ತೀರ್ಪು ಬರೆದವನು ಡೇವಿಸ್. ಅದು ತೀರಿಹೋದ ಗೆಳೆಯನ ಸರ್ಕಾರ ಮಾಡಿದ್ದ ಕೆಲಸದ ವಿರುದ್ಧವೇ ಬಂದ ತೀರ್ಪು.

ಭಾಷಣಕ್ಕೆ ಹತ್ತು ನಿಮಿಷ ಇದ್ದರೆ ಬೈಲಿ, ಮ್ಯಾಟ್ಸನ್, ರಾಕ್ ಐಲ್ಯಾಂಡ್ ಈ ಮೂರೇ ಕೇಸು ಸಾಕು. ಪಂಚಾಂಗದ ಕಥೆಯನ್ನು ಬೇರೆಯವರು ಹೇಗೂ ಹೇಳುತ್ತಾರೆ. ಲಿಂಕನ್ ಯುವ ವಕೀಲರಿಗಾಗಿ ಬರೆದಿಟ್ಟ ಒಂದು ಉಪನ್ಯಾಸದ ಟಿಪ್ಪಣಿಯೂ ಇದೆ. ಕೇಸು ಹಾಕಿಸಬೇಡಿ, ಆದಷ್ಟು ರಾಜಿ ಮಾಡಿಸಿ, ಪೂರ್ತಿ ಫೀಸು ಮುಂಗಡ ತೆಗೆದುಕೊಳ್ಳಬೇಡಿ, ಪ್ರಾಮಾಣಿಕ ವಕೀಲನಾಗಲು ಆಗದಿದ್ದರೆ ವಕೀಲಿಕೆ ಬಿಟ್ಟು ಪ್ರಾಮಾಣಿಕನಾಗಿರಿ ಅಂತ ಅದರಲ್ಲಿದೆ. ಅದನ್ನು ಮ್ಯಾಟ್ಸನ್ ಕೇಸಿನ ಪಕ್ಕದಲ್ಲಿಟ್ಟು ಓದಲಿ. ಅವನ ಕೇಸುಗಳ ದಾಖಲೆ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ. ಅವನ ಕೈಬರಹದ ಪ್ಲೀಡಿಂಗ್‌ಗಳ ಚಿತ್ರಗಳೂ ಇವೆ. ಒಂದು ಸಾಲದ ಕೇಸು ತೆಗೆದು, ದಾವಾ ಅರ್ಜಿಯಿಂದ ತೀರ್ಪಿನವರೆಗೆ ಅವಳೇ ಓದಿ ನೋಡಲಿ.